ಟಿವಿ ಪಕ್ಕದ ಪುಟ್ಟ ಕಂಪ್ಯೂಟರ್ ತಣ್ಣಗೂ ಇರಬೇಕು, ಸದ್ದೂ ಮಾಡಬಾರದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ, ಹಾಡು, ಫೋಟೊ ನೋಡಲೆಂದು ಟಿವಿಗೆ ಜೋಡಿಸಿಟ್ಟ ಸಣ್ಣ ಕಂಪ್ಯೂಟರಿನ ಬಗ್ಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ‘ಯಾವ ಫ್ಯಾನ್ ಹಾಕಿಸಲಿ?’ ಎಂದೇ ಶುರುವಾಗುತ್ತವೆ. ಅದಕ್ಕೆ ಉತ್ತರ ಈ ಪುಟದಲ್ಲಿ ಸಾಕಷ್ಟು ಕೆಳಗಿದೆ. ಬೇಕೆಂದೇ ಕೆಳಗಿಟ್ಟಿದ್ದೇನೆ. ಮೊದಲು ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡಿ, ಆಮೇಲೆ ಗಾಳಿಗೆ ದಾರಿ ಬಿಡಿ. ಇವೆರಡೂ ಆದ ಮೇಲೆ ಫ್ಯಾನಿಗೆ ದುಡ್ಡು ಹಾಕುವ ಅಗತ್ಯವೇ ಬೀಳದಿರಬಹುದು.

ಎಷ್ಟು ಡಿಗ್ರಿ ಇದ್ದರೆ ಸರಿ? ನನ್ನದು 68 ತೋರಿಸುತ್ತಿದೆ, ಗಾಬರಿ ಪಡಬೇಕಾ?

ಬೇಡ. ವಿಡಿಯೊ ಓಡುತ್ತಿರುವಾಗ ಪ್ರೊಸೆಸರ್ 60ರಿಂದ 75 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿಯಾಗಿ ಸಿನಿಮಾ ನೋಡಿ. ಇಂಟೆಲ್‌ನ ಹೆಚ್ಚಿನ ಚಿಪ್‌ಗಳು 100 ಡಿಗ್ರಿ ಆಸುಪಾಸಿಗೆ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಮಿನಿ ಪಿಸಿಗಳಲ್ಲಿ ಹೆಚ್ಚಾಗಿ ಸಿಗುವ ಎನ್100 ಚಿಪ್ಪಿಗೆ ಆ ಮಿತಿ 105 ಡಿಗ್ರಿ. ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಮಾತ್ರ 80 ದಾಟುತ್ತಿದ್ದಂತೆ ನಿಧಾನವಾಗತೊಡಗುತ್ತದೆ.

45 ಡಿಗ್ರಿಗೇ ನಿಲ್ಲಿಸಬೇಕೆಂಬ ಹಠ ಹಲವರಿಗಿದೆ. ಸದ್ದಿನ ಅರ್ಧ ಕಾಟ ಶುರುವಾಗುವುದು ಅಲ್ಲಿಂದಲೇ. 70ರಲ್ಲಿ ಸುಮ್ಮನೆ ಓಡುವ ಯಂತ್ರಕ್ಕೂ 50ರಲ್ಲಿ ಭೋರ್ಗರೆಯುವ ಯಂತ್ರಕ್ಕೂ ಸಿನಿಮಾ ಒಂದೇ ತರಹ ಕಾಣುತ್ತದೆ. ನನ್ನ ಆಯ್ಕೆ ಯಾವತ್ತೂ ಮೊದಲಿನದು.

ಇನ್ನೊಂದು ಮಾತು ನೆನಪಿರಲಿ. ಚಿಪ್ಪಿನ ಬಿಸಿಯನ್ನು ಕೋಣೆಯ ಬಿಸಿಯ ಜತೆಗೇ ಓದಬೇಕು. ಫ್ಯಾನ್ ವೇಗ ಬದಲಾಗದಿದ್ದರೆ, ಕೋಣೆ 10 ಡಿಗ್ರಿ ಏರಿದಾಗ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದ ಅಂಕಿಯನ್ನು ಬೇಸಿಗೆಯ ಅಂಕಿಗೆ ಹೋಲಿಸಿ ಏನೋ ಕೆಟ್ಟಿದೆ ಎಂದುಕೊಳ್ಳಬೇಡಿ.

ಕೆಲವು ಸಿನಿಮಾ ಹಾಕಿದಾಗ ಮಾತ್ರ ಫ್ಯಾನಿಗೆ ದೆವ್ವ ಹೊಕ್ಕಂತಾಗುತ್ತದೆ. ಉಳಿದವಕ್ಕೆ ಇಲ್ಲ. ಯಾಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರು ಇದನ್ನು ಓದಿದರೆ ಸಾಕು.

ವಿಡಿಯೊ ಫೈಲಿನಲ್ಲಿ ಚಿತ್ರಗಳು ಅದುಮಿಟ್ಟ ರೂಪದಲ್ಲಿರುತ್ತವೆ. ಅವನ್ನು ಬಿಚ್ಚಲು ಚಿಪ್ಪಿನಲ್ಲಿ ಅದಕ್ಕೆಂದೇ ಮಾಡಿದ ಸಣ್ಣ ಭಾಗ ಒಂದಿರುತ್ತದೆ. ಫೈಲಿನ ಕೋಡೆಕ್ (ಅದುಮಿದ ವಿಧಾನ) ಆ ಭಾಗಕ್ಕೆ ಗೊತ್ತಿದ್ದರೆ ಕೆಲಸ ಕೆಲವೇ ವ್ಯಾಟ್‌ನಲ್ಲಿ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಸೇರಿ ಸಾಫ್ಟ್‌ವೇರ್ ಮೂಲಕ ಬಿಚ್ಚುತ್ತವೆ. 4ಕೆ ಫೈಲ್ ಆದರೆ ಅವು ಬೆವರು ಸುರಿಸಬೇಕಾಗುತ್ತದೆ. ಎಳೆದ ಪ್ರತಿ ವ್ಯಾಟ್ ಕರೆಂಟೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು, ಅದನ್ನು ಹೊರದಬ್ಬಲು ಫ್ಯಾನ್ ಓಡಲೇಬೇಕು.

ಯಾವ ಚಿಪ್ಪಿಗೆ ಯಾವ ಕೋಡೆಕ್ ಬರುತ್ತದೆ? ಎಚ್.264 ಪಿಸಿ ಚಿಪ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಬರುತ್ತದೆ. 10 ಬಿಟ್‌ನ ಎಚ್‌ಇವಿಸಿ, ಅಂದರೆ ಹೆಚ್ಚಿನ 4ಕೆ ಎಚ್‌ಡಿಆರ್ ಸಿನಿಮಾಗಳು, ಇಂಟೆಲ್‌ನಲ್ಲಿ 7ನೇ ತಲೆಮಾರಿನಿಂದ ಸಲೀಸು. ಎವಿ1 ಬೇಕೆಂದರೆ 11ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಎನ್100ಕ್ಕೆ ಈ ಮೂರೂ ಬರುತ್ತವೆ, ಅದೂ 6 ವ್ಯಾಟ್ ಅಂದಾಜಿನ ಚಿಪ್ಪಿನಲ್ಲಿ. ರಾಸ್ಪ್‌ಬೆರಿ ಪೈ 5ರದು ವಿಚಿತ್ರ ಕಥೆ. 4ಕೆ ಎಚ್‌ಇವಿಸಿಯನ್ನು ಹಾರ್ಡ್‌ವೇರಿನಲ್ಲೇ ಬಿಚ್ಚುತ್ತದೆ, ಅದಕ್ಕಿಂತ ಹಳೆಯ ಎಚ್.264ಕ್ಕೆ ಅದರಲ್ಲಿ ಹಾರ್ಡ್‌ವೇರ್ ಇಲ್ಲ. ಹಾಗಾಗಿ 1080ಪಿಯ ಹಳೇ ಸಿನಿಮಾ ಹಾಕಿದಾಗಲೇ ಪೈ ಹೆಚ್ಚು ಬಿಸಿಯಾದರೆ ಆಶ್ಚರ್ಯಪಡಬೇಕಿಲ್ಲ.

ನಿಮ್ಮಲ್ಲಿ ಏನು ನಡೆಯುತ್ತಿದೆ ಎಂದು ನೋಡುವುದು ಸುಲಭ. ವಿಂಡೋಸ್‌ನಲ್ಲಾದರೆ ಸಿನಿಮಾ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದ ‘ವಿಡಿಯೊ ಡಿಕೋಡ್’ ಗ್ರಾಫ್ ನೋಡಿ. ಅದು ನೆಲಕ್ಕಂಟಿಕೊಂಡು ಸಿಪಿಯು 70 ಪರ್ಸೆಂಟ್ ದಾಟಿದ್ದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಕೋಡಿ ಎಂಬ ಸಿನಿಮಾ ನೋಡುವ ಆಪ್‌ನಲ್ಲಾದರೆ ಪ್ಲೇಯರ್ ಮಾಹಿತಿಯ ಪರದೆಯಲ್ಲಿ ಡಿಕೋಡರ್ ಹೆಸರಿನ ಪಕ್ಕ ಹಾರ್ಡ್‌ವೇರೋ ಸಾಫ್ಟ್‌ವೇರೋ ಎಂಬ ಗುರುತಿರುತ್ತದೆ. ಎಷ್ಟೋ ಸಲ ಚಿಪ್ಪಿಗೆ ಸಾಮರ್ಥ್ಯ ಇರುತ್ತದೆ, ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಆಗಿರುತ್ತದೆ, ಇಲ್ಲವೇ ಗ್ರಾಫಿಕ್ಸ್ ಡ್ರೈವರೇ ಸರಿಯಾಗಿ ಕೂತಿರುವುದಿಲ್ಲ. ಬ್ರೌಸರಿನಲ್ಲಿ ನೋಡುವವರ ಗೋಳು ಬೇರೆ. ಯೂಟ್ಯೂಬ್ ಎವಿ1 ಕಳಿಸಿದರೆ ಹಳೆ ಚಿಪ್ಪು ಒದ್ದಾಡುತ್ತದೆ. ಎವಿ1 ಬೇಡ ಎಂದು ಹೇಳುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಅಷ್ಟಕ್ಕೇ ಮನೆ ಶಾಂತ.

ಏನೂ ಓಡಿಸದೆ ಸುಮ್ಮನಿಟ್ಟಾಗಲೂ ಫ್ಯಾನ್ ಏಳುತ್ತದೆ

ಏನೋ ಓಡುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ. ಲೈಬ್ರರಿ ಸ್ಕ್ಯಾನ್, ಥಂಬ್‌ನೇಲ್ ತಯಾರಿ, ಅಪ್‌ಡೇಟ್, ಮರೆತುಬಿಟ್ಟ ಬ್ರೌಸರ್ ಟ್ಯಾಬ್. ಜೆಲ್ಲಿಫಿನ್, ಪ್ಲೆಕ್ಸ್‌ನಂಥ, ಬೇರೆ ಸಾಧನಗಳಿಗೂ ಸಿನಿಮಾ ಕಳಿಸುವ ಸರ್ವರುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅವುಗಳ ಕೆಲಸಗಳನ್ನು ನೀವು ಮನೆಯಲ್ಲಿಲ್ಲದ ಹೊತ್ತಿಗೆ ನಿಗದಿ ಮಾಡಿ. ಅದೇ ಸರ್ವರಿನಿಂದ ಮೊಬೈಲಿನಲ್ಲಿ ಯಾರಾದರೂ ಸಿನಿಮಾ ನೋಡುತ್ತಿದ್ದರೆ ಟ್ರಾನ್ಸ್‌ಕೋಡ್ (ಆ ಮೊಬೈಲಿಗೆ ತಕ್ಕಂತೆ ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವುದು) ನಡೆಯುತ್ತಿರಬಹುದು, ಅದನ್ನೂ ಹಾರ್ಡ್‌ವೇರಿಗೆ ಒಪ್ಪಿಸಬಹುದು. ಸರ್ವರ್ ಕೆಲಸ ಇಲ್ಲದಿದ್ದರೆ ನೋಡಿ ಮುಗಿದ ಮೇಲೆ ಸ್ಲೀಪ್‌ಗೆ ಹಾಕಿಬಿಡಿ. ಮಲಗಿದ ಯಂತ್ರದಷ್ಟು ಮೌನವಾದದ್ದು ಬೇರೆ ಯಾವುದೂ ಇಲ್ಲ.

ಟಿವಿ ಸ್ಟ್ಯಾಂಡಿನ ಬಾಗಿಲ ಹಿಂದೆ ಮುಚ್ಚಿಡಬಹುದಾ? ಹೊರಗೆ ಕಾಣದಿದ್ದರೆ ಚೆಂದ.

ಕಾಣದಿದ್ದರೆ ಚೆಂದ ನಿಜ, ಕಂಪ್ಯೂಟರಿಗೆ ಮಾತ್ರ ಅದು ಒಲೆ. ಮುಚ್ಚಿದ ಗೂಡಿನಲ್ಲಿ ಫ್ಯಾನ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಒಳಗೆಳೆಯುತ್ತದೆ. ಫ್ಯಾನ್ ಎಷ್ಟು ಜೋರಾದರೂ ಒಳಬರುವ ಗಾಳಿಗಿಂತ ಚಿಪ್ಪು ತಣ್ಣಗಾಗಲು ಸಾಧ್ಯವಿಲ್ಲ. ಗೂಡಿನೊಳಗಿನ ಗಾಳಿ ಏರಿದಷ್ಟೂ ಚಿಪ್ಪು ಏರುತ್ತದೆ, ಚಿಪ್ಪು ಏರಿದಷ್ಟೂ ಫ್ಯಾನ್ ಏರುತ್ತದೆ.

ಖಾತ್ರಿ ಮಾಡಿಕೊಳ್ಳಲು ಏನೂ ಕೊಳ್ಳಬೇಕಿಲ್ಲ. ಬಾಗಿಲು ಮುಚ್ಚಿ ಒಂದು ಸಿನಿಮಾ ಹಾಕಿ, ಒಂದು ಗಂಟೆ ಬಿಟ್ಟು ಬಿಸಿ ಬರೆದಿಡಿ. ಆಮೇಲೆ ಬಾಗಿಲು ತೆರೆದು ಅರ್ಧ ಗಂಟೆ ಕಾದು ಮತ್ತೆ ಬರೆಯಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಗೂಡಿನದು ತಪ್ಪಿಲ್ಲ. ದೊಡ್ಡ ಅಂತರ ಕಂಡರೆ ಯಾವ ಫ್ಯಾನೂ, ಯಾವ ಪೇಸ್ಟೂ ಆ ಅಂತರವನ್ನು ತುಂಬಲಾರದು. ಗೂಡಿನ ಹಿಂದಿನ ಹಲಗೆಯನ್ನು ಕತ್ತರಿಸಿ ಅಥವಾ ತೆಗೆದೇಬಿಡಿ. ತೂತು ಕೊರೆಯುವುದಾದರೆ ಕೆಳಗೊಂದು, ಮೇಲೊಂದು ಇರಲಿ. ಬಿಸಿಗಾಳಿ ಮೇಲಕ್ಕೇರುವುದರಿಂದ ಒಂದೇ ತೂತಿನಿಂದ ಹೆಚ್ಚು ಪ್ರಯೋಜನವಿಲ್ಲ. ಕಂಪ್ಯೂಟರಿನ ಗಾಳಿ ಹೊರಬೀಳುವ ಬದಿಗೂ ಗೋಡೆಗೂ ಒಂದು ಅಂಗೈ ಅಗಲವಾದರೂ ಜಾಗ ಬಿಡಿ.

ಸೆಟ್ ಟಾಪ್ ಬಾಕ್ಸಿನ ತಲೆ ಮೇಲೆ, ಆಂಪ್ಲಿಫೈಯರಿನ ತಲೆ ಮೇಲೆ ಇಡಬೇಡಿ. ಅವೂ ಒಲೆಗಳೇ. ಟಿವಿಯ ಬೆನ್ನಿಗೆ ತಿರುಪು ಹಾಕಿ ನೇತುಹಾಕುವುದು ಒಳ್ಳೆಯದೇ, ಟಿವಿಯ ಸ್ವಂತ ಗಾಳಿಕಿಂಡಿಗಳ ನೇರಕ್ಕೆ ಮಾತ್ರ ಬೇಡ.

ಸದ್ದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿಲ್ಲ

ಒಂದು ಹಾಳೆ ತೆಗೆದುಕೊಂಡು ಕೊಳವೆ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಪೆಟ್ಟಿಗೆಯ ಮೇಲೆ ನಿಧಾನವಾಗಿ ಆಡಿಸಿ. ಜಾಗ ಸಿಕ್ಕಿಬಿಡುತ್ತದೆ.

ಸದ್ದಿನ ಗುಣವೂ ಸುಳಿವು ಕೊಡುತ್ತದೆ. ಸುಯ್ಯೆಂದು ಗಾಳಿ ಬೀಸಿದಂತಿದ್ದರೆ ಅದು ಗಾಳಿಯದೇ ಸದ್ದು, ವೇಗ ತಗ್ಗಿಸಿದರೆ ತಗ್ಗುತ್ತದೆ. ಕರಕರ, ಟಕಟಕ ಎಂದರೆ ಬೇರಿಂಗ್ ಸವೆದಿದೆ ಅಥವಾ ಒಳಗಿನ ವೈರೊಂದು ರೆಕ್ಕೆಗೆ ತಾಗುತ್ತಿದೆ. ಕಡಿಮೆ ಸ್ಥಾಯಿಯ ಗುಂಯ್ ಎಂಬ ನಾದ ಮೇಜಿನಿಂದಲೇ ಬರುತ್ತಿದ್ದರೆ ಹಾರ್ಡ್ ಡಿಸ್ಕ್ ನಡುಕ. ಕಂಪ್ಯೂಟರನ್ನು ಕೈಯಲ್ಲಿ ಎತ್ತಿ ಹಿಡಿದಾಗ ಸದ್ದು ಮಾಯವಾದರೆ ಅದೇ ಖಾತ್ರಿ, ಆದರೆ ಡಿಸ್ಕ್ ತಿರುಗುತ್ತಿರುವಾಗ ತೀರಾ ಮೆತ್ತಗೆ ಎತ್ತಿ. ತೆಳುವಾದ ಕೀಚಲು ಸದ್ದು ಮೌಸ್ ಅಲ್ಲಾಡಿಸಿದಾಗ, ಪುಟ ಸರಿಸಿದಾಗ ಬದಲಾಗುತ್ತಿದ್ದರೆ ಅದು ವಿದ್ಯುತ್ ಪೂರೈಸುವ ಭಾಗದ ತಂತಿ ಸುರುಳಿ, ಅಂದರೆ ಕಾಯಿಲ್‌ನದು. ಫ್ಯಾನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಡಾಪ್ಟರ್ ಬದಲಿಸಿ ನೋಡಬಹುದು, ಮದರ್‌ಬೋರ್ಡಿನದೇ ಆದರೆ ವಾರಂಟಿ ಇರುವಾಗಲೇ ವಾಪಸ್ ಕೊಡುವುದು ಜಾಣತನ.

ಕೊಂಡಾಗ ಸುಮ್ಮನಿತ್ತು, ಈಗೀಗ ಸದ್ದು ಜಾಸ್ತಿ

ಧೂಳು. ಹತ್ತರಲ್ಲಿ ಒಂಬತ್ತು ಸಲ ಧೂಳೇ.

ಹೊರಗಿನ ಜಾಲರಿ ಒರೆಸಿ ಮುಗಿಯಿತು ಎಂದುಕೊಳ್ಳಬೇಡಿ. ಮಿನಿ ಪಿಸಿಗಳ ಫ್ಯಾನು ಗಾಳಿಯನ್ನು ಬದಿಗೆ ತಳ್ಳುವ ಬ್ಲೋವರ್ ಮಾದರಿಯದು. ಅದರ ಬಾಯಿಗೆ ತಾಗಿದಂತೆ ತೆಳು ಲೋಹದ ಫಿನ್‌ಗಳ ಸಾಲು. ಧೂಳು ಕೂರುವುದು ಈ ಎರಡರ ನಡುವೆ. ಕೇಸ್ ಬಿಚ್ಚಿದರೂ ಮೇಲಿನಿಂದ ನೋಡಿದರೆ ಎಲ್ಲ ಶುಭ್ರವಾಗಿಯೇ ಕಾಣುತ್ತದೆ. ಮೂರೋ ನಾಲ್ಕೋ ಪುಟ್ಟ ಸ್ಕ್ರೂ ಬಿಚ್ಚಿ ಫ್ಯಾನನ್ನು ಎತ್ತಿದಾಗ ಅದರಡಿಯಲ್ಲಿ ಬೂದುಬಣ್ಣದ ಕಂಬಳಿ ತುಂಡಿನಂಥದ್ದು ಫಿನ್‌ಗಳ ಬಾಯಿಗೆ ಅಡ್ಡ ನಿಂತಿರುತ್ತದೆ. ಚಿಮುಟದಿಂದ ಒಂದು ಮೂಲೆ ಹಿಡಿದೆಳೆದರೆ ಇಡೀ ಪದರ ಒಟ್ಟಿಗೆ ಕಿತ್ತುಬರುತ್ತದೆ, ಅದರ ಹಿಂಬದಿಯಲ್ಲಿ ಫಿನ್‌ಗಳ ಗೆರೆಗಳು ಅಚ್ಚು ಒತ್ತಿದ ಹಾಗೆ. ಫ್ಯಾನ್ ಇಷ್ಟು ದಿನ ಗಾಳಿ ಊದುತ್ತಿದ್ದದ್ದು ಆ ಗೋಡೆಗೆ.

ಗಾಳಿ ಊದುವ ಕ್ಯಾನ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ಗಿರಗಿರ ತಿರುಗಿ ಬೇರಿಂಗ್ ಹಾಳಾದೀತು. ಕ್ಯಾನನ್ನು ನೆಟ್ಟಗೆ ಹಿಡಿಯಿರಿ, ಬೋರಲು ಹಿಡಿದರೆ ದ್ರವವೇ ಹೊರಚಿಮ್ಮುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ನೇರವಾಗಿ ಬೋರ್ಡಿನ ಮೇಲೆ ಆಡಿಸಬೇಡಿ, ಸ್ಥಾಯೀ ವಿದ್ಯುತ್ತಿನ ಅಪಾಯವಿದೆ. ಇದೆಲ್ಲ ಮಾಡುವುದು ಪ್ಲಗ್ ಕಿತ್ತ ಮೇಲೆ ಎಂದು ಬೇರೆ ಹೇಳಬೇಕಿಲ್ಲ ತಾನೇ?

ಥರ್ಮಲ್ ಪೇಸ್ಟ್ ಬದಲಿಸಲೇಬೇಕಾ?

ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ, ಯಂತ್ರಕ್ಕೆ ನಾಲ್ಕೈದು ವರ್ಷವಾಗಿದ್ದರೆ, ಬದಲಿಸಿ. ಚಿಪ್ಪಿಗೂ ಅದರ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ದುಬಾರಿ ಪೇಸ್ಟಿನಿಂದ ಸಿಗುವುದು ಎರಡು ಮೂರು ಡಿಗ್ರಿ. ಈ ಗಾತ್ರದ ಯಂತ್ರಕ್ಕೆ ಸಾಧಾರಣ ಪೇಸ್ಟ್ ಧಾರಾಳವಾಯಿತು.

ಫ್ಯಾನ್ ಒಂದೇ ಸಮನೆ ಏರುತ್ತದೆ, ಇಳಿಯುತ್ತದೆ. ಇದೇ ಹೆಚ್ಚು ತಲೆ ತಿನ್ನುವುದು.

ಹೌದು, ಒಂದೇ ಮಟ್ಟದ ಸದ್ದನ್ನು ಕಿವಿ ಮರೆತುಬಿಡುತ್ತದೆ. ಬದಲಾಗುವ ಸದ್ದನ್ನು ಮರೆಯುವುದಿಲ್ಲ. ಅದಕ್ಕೇ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ಸ್) ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆ, ತಿದ್ದುವುದು ಈ ಪುಟದ ಅತ್ಯಂತ ಅಗ್ಗದ ಚಿಕಿತ್ಸೆ.

ಕಾರ್ಖಾನೆಯಿಂದ ಬಂದ ಕರ್ವ್ ಸಾಮಾನ್ಯವಾಗಿ ಪುಕ್ಕಲು. 50 ಡಿಗ್ರಿಗೇ ಎದ್ದು ಕೂರುತ್ತದೆ. ಒಂದು ಮೆನು ತೆರೆದರೂ ಚಿಪ್ಪು ಒಂದು ಕ್ಷಣ 65ಕ್ಕೆ ನೆಗೆದು ಮತ್ತೆ ಇಳಿಯುವುದು ಸಹಜ. ಆ ನೆಗೆತವನ್ನೆಲ್ಲ ಫ್ಯಾನ್ ಹಿಂಬಾಲಿಸಿದರೆ ಕೋಣೆಯಲ್ಲಿ ಯಾರೋ ನಿಟ್ಟುಸಿರು ಬಿಡುತ್ತಾ ಕೂತಂತಿರುತ್ತದೆ. ನಾನು ಹೀಗೆ ಇಡುತ್ತೇನೆ: 65 ಡಿಗ್ರಿವರೆಗೆ ಫ್ಯಾನ್ ತನ್ನ ಕನಿಷ್ಠ ವೇಗದಲ್ಲಿ ಸಮತಟ್ಟಾಗಿ ಇರಲಿ. 65ರಿಂದ 80ಕ್ಕೆ ನಿಧಾನವಾಗಿ ಏರಲಿ. 85 ದಾಟಿದರೆ ಪೂರ್ತಿ ವೇಗ. ‘ಸ್ಟೆಪ್ ಅಪ್’, ‘ಡಿಲೇ’ ಅಥವಾ ‘ಹಿಸ್ಟೆರೆಸಿಸ್’ ಎಂಬ ಆಯ್ಕೆ ಇದ್ದರೆ ಅದಕ್ಕೆ ಕೆಲವು ಸೆಕೆಂಡು ಅಥವಾ ಕೆಲವು ಡಿಗ್ರಿ ಕೊಡಿ, ಸಣ್ಣಪುಟ್ಟ ನೆಗೆತಗಳಿಗೆ ಫ್ಯಾನ್ ಕಿವಿಗೊಡುವುದಿಲ್ಲ. ಆಮೇಲೆ ಉದ್ದನೆಯ ಸಿನಿಮಾ ಒಂದನ್ನು ಓಡಿಸಿ ಬಿಸಿ ಎಲ್ಲಿ ನಿಲ್ಲುತ್ತದೆ ನೋಡಿ.

ಬಯೋಸ್‌ನಲ್ಲಿ ನಾಲ್ಕು ಪಿನ್ನಿನ ಫ್ಯಾನ್ ಆದರೆ ಪಿಡಬ್ಲ್ಯೂಎಂ, ಅಂದರೆ ಸಂಕೇತದ ಮಿಡಿತಗಳಿಂದ ವೇಗ ಹಿಡಿತದಲ್ಲಿಡುವ ಮೋಡ್, ಮೂರು ಪಿನ್ನಿನದಾದರೆ ವೋಲ್ಟೇಜ್ ಅಂದರೆ ಡಿಸಿ ಮೋಡ್. ಇದು ಅದಲುಬದಲಾಗಿದ್ದರೆ ಮೂರು ಪಿನ್ನಿನ ಫ್ಯಾನ್ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ, ಕರ್ವ್ ಎಷ್ಟು ತಿದ್ದಿದರೂ ಅಷ್ಟೇ. ಪೈ 5ಕ್ಕೆ ಬರುವ ಅಧಿಕೃತ ಕೂಲರಿನಲ್ಲಿ ಇದು ಮೊದಲೇ ಚೆನ್ನಾಗಿದೆ: 50 ಡಿಗ್ರಿವರೆಗೆ ಫ್ಯಾನ್ ತಿರುಗುವುದೇ ಇಲ್ಲ, ಆಮೇಲೆ 60, 67.5, 75ಕ್ಕೆ ಒಂದೊಂದು ಮೆಟ್ಟಿಲು.

ಟರ್ಬೊ ಆಫ್ ಮಾಡಿದರೆ ಯಂತ್ರ ಮಂದವಾಗುವುದಿಲ್ಲವೇ?

ಸಿನಿಮಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಟರ್ಬೊ ಎಂದರೆ ಕೆಲಸ ಹೆಚ್ಚಾದಾಗ ಚಿಪ್ಪು ತನ್ನ ಸಾಮಾನ್ಯ ವೇಗ ಮೀರಿ ಓಡುವುದು. ಕೊನೆಯ ಒಂದಿಷ್ಟು ವೇಗಕ್ಕಾಗಿ ಚಿಪ್ಪು ವೋಲ್ಟೇಜನ್ನೂ ಏರಿಸಿಕೊಳ್ಳುತ್ತದೆ. ಕರೆಂಟಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆ ಸ್ವಲ್ಪ ವೇಗಕ್ಕೆ ತೆರುವ ಬಿಸಿ ವಿಪರೀತ. ಬಯೋಸ್‌ನಲ್ಲಿ ಟರ್ಬೊ ಆಫ್ ಮಾಡಿ, ಇಲ್ಲವೇ ಪವರ್ ಲಿಮಿಟ್ ಎಂಬಲ್ಲಿ ವ್ಯಾಟ್ ತಗ್ಗಿಸಿ. ಬಯೋಸ್‌ನಲ್ಲಿ ಏನೂ ಸಿಗದಿದ್ದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 99 ಪರ್ಸೆಂಟ್ ಎಂದಿಟ್ಟರೂ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ಅದೇ ಯಂತ್ರದಲ್ಲಿ ಗೇಮ್ ಆಡುವವರಿದ್ದರೆ ಮಾತ್ರ ಮನೆಯಲ್ಲಿ ಜಗಳವಾದೀತು.

ಸರಿ, ಈಗಲಾದರೂ ಹೇಳಿ: ಯಾವ ಫ್ಯಾನ್?

ಜಾಗ ಹಿಡಿಸುವಷ್ಟು ದೊಡ್ಡದು, ಆದಷ್ಟು ನಿಧಾನವಾಗಿ ತಿರುಗುವುದು.

ಲೆಕ್ಕ ಹೀಗಿದೆ. ಫ್ಯಾನಿನ ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುವುದರಿಂದ 15 ಎಂದರೆ ದೊಡ್ಡ ಇಳಿತ. ಒಂದೇ ತರಹದ ಎರಡು ಫ್ಯಾನ್ ಸೇರಿದರೆ ಹೆಚ್ಚುವುದು 3 ಡೆಸಿಬೆಲ್ ಅಷ್ಟೇ. ಹಾಗಾಗಿ ಜಾಗವಿದ್ದರೆ ಒಂದು ಫ್ಯಾನ್ ಓಡೋಡುವುದಕ್ಕಿಂತ ಎರಡು ಫ್ಯಾನ್ ಅರ್ಧ ವೇಗದಲ್ಲಿ ನಡೆಯುವುದು ಲಾಭ: ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ಗಾತ್ರದ ಮಾತಿಗೆ ಬಂದರೆ 120 ಮಿಲಿಮೀಟರ್ ಫ್ಯಾನಿನ ಹರವು 40 ಮಿಲಿಮೀಟರಿನದರ ಒಂಬತ್ತು ಪಟ್ಟು. ಪುಟ್ಟ ಫ್ಯಾನ್ ಅಷ್ಟೇ ಗಾಳಿ ಕೊಡಲು ಕಿರುಚಲೇಬೇಕು, ಆ ಕಿರುಚಾಟವೂ ಕಿವಿಗೆ ಚುಚ್ಚುವ ಸ್ಥಾಯಿಯಲ್ಲೇ ಇರುತ್ತದೆ.

ಬೇರಿಂಗ್ ವಿಚಾರದಲ್ಲಿ ದ್ರವ ಬೇರಿಂಗ್ ಇರುವುದನ್ನೇ ನೋಡಿ. ಅಗ್ಗದ ಸ್ಲೀವ್ ಬೇರಿಂಗ್ ಮಲಗಿಸಿ ಹಾಕಿದರೆ ಬೇಗ ಸವೆಯುತ್ತದೆ, ಮಿನಿ ಕೇಸ್‌ಗಳಲ್ಲಿ ಫ್ಯಾನ್ ಹೆಚ್ಚಾಗಿ ಮಲಗಿಯೇ ಇರುತ್ತದೆ. ಫ್ಯಾನ್ ಸುತ್ತ ಕೇಸಿನ ತಗಡನ್ನೇ ತೂತು ಹೊಡೆದು ಮಾಡಿದ ಜಾಲರಿ ಇದ್ದರೆ ಗಾಳಿ ಅದಕ್ಕೆ ಬಡಿದು ಸದ್ದಾಗುತ್ತದೆ. ಅದನ್ನು ಕತ್ತರಿಸಿ ತಂತಿ ಜಾಲರಿ ಹಾಕಿದರೆ ಅದೇ ಫ್ಯಾನ್ ಎಷ್ಟೋ ಮೆತ್ತಗಾಗುತ್ತದೆ.

ನನ್ನ ಮಿನಿ ಪಿಸಿಯೊಳಗೆ ದೊಡ್ಡ ಫ್ಯಾನ್ ಹಿಡಿಸುವುದೇ ಇಲ್ಲವಲ್ಲ?

ಒಳಗೆ ಹಿಡಿಸದಿದ್ದರೆ ಹೊರಗಿಡಿ. 12 ವೋಲ್ಟಿನ 120 ಮಿಲಿಮೀಟರ್ ಫ್ಯಾನನ್ನು ಯುಎಸ್‌ಬಿಯ 5 ವೋಲ್ಟಿಗೆ ಜೋಡಿಸುವ ಕೇಬಲ್ ಸಿಗುತ್ತದೆ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದು ತೂಕಡಿಸುತ್ತಾ ತಿರುಗುತ್ತದೆ, ಒಂದು ಮೀಟರ್ ದೂರದಿಂದ ಕೇಳುವುದಿಲ್ಲ. ಅದರ ನಾಲ್ಕು ಮೂಲೆಗೆ ರಬ್ಬರ್ ಕಾಲು ಅಂಟಿಸಿ, ಮಿನಿ ಪಿಸಿಯನ್ನು ಅದರ ಮೇಲೆ ಕೂರಿಸಿ. ಹೆಚ್ಚಿನವುಗಳಲ್ಲಿ ಗಾಳಿ ಕೆಳಗಿನಿಂದಲೋ ಬದಿಯಿಂದಲೋ ಒಳಹೋಗುತ್ತದೆ. ತಳದ ತಗಡೂ ತಣ್ಣಗಾಗಿ ಒಳಗಿನ ಎಸ್‌ಎಸ್‌ಡಿಗೂ ಉಪಕಾರವಾಗುತ್ತದೆ. ನೋಡಲು ಅಷ್ಟೇನೂ ಚೆಂದವಿಲ್ಲ. ಆದರೂ ಒಳಗಿನ ಬ್ಲೋವರ್ ಮತ್ತೆ ಏಳುವ ಪ್ರಸಂಗವೇ ಅಪರೂಪವಾಗುತ್ತದೆ. ಕೊಳ್ಳುವ ಮೊದಲು ಆ ಫ್ಯಾನ್ 5 ವೋಲ್ಟಿನಲ್ಲಿ ಶುರುವಾಗುತ್ತದೆಯೇ ಎಂದು ವಿವರದಲ್ಲಿ ನೋಡಿಕೊಳ್ಳಿ, ಕೆಲವು ಆಗುವುದಿಲ್ಲ.

ಫ್ಯಾನೇ ಇಲ್ಲದ ಕಂಪ್ಯೂಟರ್ ಕೊಂಡರೆ ಈ ರಗಳೆಯೇ ಇಲ್ಲವಲ್ಲ?

6ರಿಂದ 15 ವ್ಯಾಟಿನ ಚಿಪ್ಪಾದರೆ ಖಂಡಿತ ಕೊಳ್ಳಿ. ಅಲ್ಲಿ ಇಡೀ ಅಲ್ಯುಮಿನಿಯಂ ಕೇಸೇ ಹೀಟ್‌ಸಿಂಕ್. ಮುಟ್ಟಿದರೆ ಬಿಸಿ ತಾಗುತ್ತದೆ, ತಾಗಲೇಬೇಕು, ಬಿಸಿ ಹೊರಬರುತ್ತಿದೆ ಎಂದೇ ಅದರರ್ಥ. ಆದರೆ ಇದಕ್ಕೆ ಗೂಡು ಸುತರಾಂ ಆಗದು. ತಲೆ ಮೇಲೆ ರಿಮೋಟು, ಪತ್ರಿಕೆ, ಬಟ್ಟೆ ಯಾವುದನ್ನೂ ಇಡಬಾರದು. ಫಿನ್‌ಗಳು ನೆಟ್ಟಗೆ ನಿಲ್ಲುವಂತೆ ಇಟ್ಟರೆ ಗಾಳಿ ತಾನಾಗಿ ಮೇಲಕ್ಕೆ ಹರಿಯುತ್ತದೆ. 65 ವ್ಯಾಟಿನ ಡೆಸ್ಕ್‌ಟಾಪ್ ಚಿಪ್ಪನ್ನು ಫ್ಯಾನಿಲ್ಲದೆ ಓಡಿಸುವ ಕೇಸ್‌ಗಳೂ ಇವೆ, ಅವು ಭಾರೀ, ದುಬಾರಿ. ಅದರ ಬದಲು ದೊಡ್ಡ ಫ್ಯಾನನ್ನು ಅತಿ ನಿಧಾನಕ್ಕೆ ತಿರುಗಿಸುವುದೇ ವಾಸಿ.

ಹಾರ್ಡ್ ಡಿಸ್ಕಿನ ಗುಂಯ್‌ಗಾನ

5400 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 90 ಸುತ್ತು, 7200ದು 120 ಸುತ್ತು ತಿರುಗುತ್ತದೆ. ಆ ನಡುಕ ಸ್ಕ್ರೂಗಳ ಮೂಲಕ ಕೇಸಿಗೆ, ಕೇಸಿನಿಂದ ಮರದ ಸ್ಟ್ಯಾಂಡಿಗೆ ಇಳಿದು, ಆ ಸ್ಟ್ಯಾಂಡೇ ತಂಬೂರಿಯಾಗುತ್ತದೆ. ಡಿಸ್ಕಿನ ಸ್ಕ್ರೂಗಳಿಗೆ ರಬ್ಬರ್ ಬುಷ್ ಹಾಕಿ, ಕೇಸಿನಡಿಗೆ ಮೆತ್ತನೆಯ ಪಾದ ಕೊಡಿ. ಇನ್ನೂ ಒಳ್ಳೆಯ ಉಪಾಯ ಬೇಕೆಂದರೆ ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಮಾತ್ರ ಇಟ್ಟು, ಸಿನಿಮಾ ತುಂಬಿದ ಡಿಸ್ಕನ್ನು ಬೇರೆ ಕೋಣೆಯ ನೆಟ್‌ವರ್ಕ್ ಸ್ಟೋರೇಜಿಗೆ ಸಾಗಹಾಕಿ. ಡಿಸ್ಕನ್ನು ಸ್ಪಂಜಿನಲ್ಲಿ ಸುತ್ತಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಬಿಸಿಗೆ ದಾರಿಯಿಲ್ಲದೆ ಡಿಸ್ಕ್ ಬೇಯುತ್ತದೆ.

ಸದ್ದು ಹೀರುವ ಫೋಮ್, ವಾಟರ್ ಕೂಲಿಂಗ್?

ಎರಡೂ ಬೇಡ. ಈ ಗಾತ್ರದ ಕೇಸಿನಲ್ಲಿ ಫೋಮ್ ಗಾಳಿಯ ಜಾಗ ತಿನ್ನುತ್ತದೆ. ವಾಟರ್ ಕೂಲಿಂಗ್‌ನಲ್ಲಿ ಫ್ಯಾನಿನ ಜತೆ ಪಂಪಿನ ಸದ್ದೂ ಸೇರಿಕೊಳ್ಳುತ್ತದೆ.

ಕಂಪ್ಯೂಟರನ್ನೇ ಪಕ್ಕದ ಕೋಣೆಗೆ ಸಾಗಿಸಿದರೆ?

ಹಳೆಯ ದೊಡ್ಡ ಡೆಸ್ಕ್‌ಟಾಪ್ ಇರುವವರಿಗೆ ಇದೇ ಸುಲಭದ ದಾರಿ. 4ಕೆ 60 ಫ್ರೇಮಿಗೆ ಸಾದಾ ಎಚ್‌ಡಿಎಂಐ ಕೇಬಲ್ ಐದು ಮೀಟರ್ ಆಚೆ ತಕರಾರು ತೆಗೆಯುವುದುಂಟು. ಅದಕ್ಕಿಂತ ದೂರಕ್ಕೆ ಒಳಗೆ ಆಪ್ಟಿಕಲ್ ಎಳೆ ಇರುವ ಆಕ್ಟಿವ್ ಕೇಬಲ್ ತನ್ನಿ. ಅದಕ್ಕೆ ದಿಕ್ಕಿದೆ, ಟಿವಿ ಎಂದು ಬರೆದ ತುದಿ ಟಿವಿಗೇ ಹೋಗಬೇಕು. ಗೋಡೆಯೊಳಗೆ ಎಳೆಯುವ ಮೊದಲೇ ಅದನ್ನು ನೋಡಿಕೊಳ್ಳಿ. ರಿಮೋಟಿನ ರಿಸೀವರನ್ನು ಯುಎಸ್‌ಬಿ ಎಕ್ಸ್‌ಟೆನ್ಶನ್‌ನಲ್ಲಿ ಟಿವಿ ಬಳಿಗೆ ತಂದರೆ ಆಯಿತು.

ಹಳೆ ಲ್ಯಾಪ್‌ಟಾಪನ್ನೇ ಟಿವಿಗೆ ಹಾಕಿದ್ದೇನೆ. ಅದಕ್ಕೂ ಇದೆಲ್ಲ ಅನ್ವಯಿಸುತ್ತದಾ?

ಅನ್ವಯಿಸುತ್ತದೆ, ಬ್ಯಾಟರಿಯ ಎಚ್ಚರಿಕೆಯೊಂದನ್ನು ಸೇರಿಸಿಕೊಂಡು. ಸದಾ ಚಾರ್ಜರಿನಲ್ಲಿ, ಬಿಸಿಯಲ್ಲಿ ಇರುವ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಚಾರ್ಜನ್ನು 60 ಅಥವಾ 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಕೀಬೋರ್ಡ್ ನಡುವೆ ಉಬ್ಬಿದಂತೆ, ಟಚ್‌ಪ್ಯಾಡ್ ಒತ್ತಲು ಬಿಗಿಯಾದಂತೆ ಕಂಡರೆ ಕೂಡಲೇ ಬಳಕೆ ನಿಲ್ಲಿಸಿ, ಬ್ಯಾಟರಿ ತೆಗೆಸಿ. ಅದನ್ನು ಚುಚ್ಚುವುದು, ಒತ್ತುವುದು ಬೇಡ, ಮನೆಯ ಕಸಕ್ಕೂ ಹಾಕಬೇಡಿ. ಹಾಗೆಯೇ ಮುಚ್ಚಳ ಮುಚ್ಚಿ ಓಡಿಸುವಾಗ ಗಾಳಿಕಿಂಡಿ ಯಾವ ಬದಿಗಿದೆ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ಬಿಸಿಗಾಳಿಯನ್ನು ಮುಚ್ಚಳದ ಸಂದಿಯಿಂದಲೇ ಬಿಡುತ್ತವೆ. ಅಂಥವನ್ನು ಮುಚ್ಚಳ ಸ್ವಲ್ಪ ತೆರೆದೇ ಇಡಬೇಕು.